ಗಾಜಿನ ತೋಟದ ನೀರುಗಂಟಿ

ಮೊದಲೇ ಹೇಳಿಬಿಡುವುದು ಒಳ್ಳೆಯದು, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ತವರು ನಾಗಮಂಗಲದ ಕಡೆ. ರಾಗಿ, ಹುರುಳಿ, ತೆಂಗು ಬೆಳೆಯುವ ಒಣ ಸೀಮೆ. ಮದುವೆಯಾಗಿ ಬಂದದ್ದು ಪಾಂಡವಪುರಕ್ಕೆ, ನಾಲೆ ನೀರಿನ ಕಡೆಗೆ. ಬಂದ ಹೊಸದರಲ್ಲಿ ನಾನು ಪಾತ್ರೆ ತೊಳೆಯುವಾಗ ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟುಕೊಳ್ಳುವುದನ್ನು ನೋಡಿ ಗಂಡನ ಕಡೆಯ ನೆಂಟರು ನಗುತ್ತಿದ್ದರು. ನೀರು ಕಾಣದ ಊರಿಂದ ಹೆಣ್ಣು ತಂದಿದ್ದೀಯ ಅಂತ ನನ್ನ ಗಂಡನನ್ನು ರೇಗಿಸುತ್ತಿದ್ದರು. ನಾನೇನು ಸುಮ್ಮನಿರುವ ಪೈಕಿಯಲ್ಲ. ನೀವು ಕಾಲು ತೊಳೆಯುವ ನೀರಲ್ಲಿ ನಮ್ಮೂರಿನವರು ಒಂದು ಮದುವೆ ಮುಗಿಸುತ್ತಾರೆ ಅನ್ನುತ್ತಿದ್ದೆ. ಇಷ್ಟನ್ನು ಈಗಲೇ ಹೇಳಿದ್ದು ಯಾಕೆಂದರೆ, ಮುಂದೆ ನಮ್ಮ ಮನೆಯಲ್ಲಿ ನಡೆದದ್ದೆಲ್ಲ ನೀರಿನ ರಗಳೆಯೇ.

ಕೆ.ಆರ್. ಪೇಟೆಯ ಕಾಲೇಜೊಂದರ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ನಾನು ಸಹಾಯಕಿ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಮಕ್ಕಳಿಗೆ ಸ್ಲೈಡು ಜೋಡಿಸಿಕೊಡುವುದು, ದಾಸವಾಳದ ಹೂ ಕೊಯ್ದು ತಂದಿಡುವುದು, ಸೂಕ್ಷ್ಮದರ್ಶಕದ ಧೂಳು ಒರೆಸುವುದು ನನ್ನ ಕೆಲಸ. ಗಿಡದ ವಿಷಯದಲ್ಲಿ ನನಗೆ ತಿಳಿಯದ್ದಿಲ್ಲ ಅನ್ನುವ ಜಂಬ ಅಲ್ಲಿಂದಲೇ ಬಂದದ್ದು. ಮೂರು ವರ್ಷದ ಹಿಂದೆ ಒಂದು ಭಾನುವಾರ ಗಂಡನ ಜೊತೆ ಸ್ಕೂಟರಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿದ್ದಾಗ ರಸ್ತೆ ಪಕ್ಕದ ನರ್ಸರಿಯೊಂದರ ಮುಂದೆ ಟೈರು ಪಂಕ್ಚರಾಯಿತು. ಅವರು ಗಾಡಿ ತಳ್ಳಿಕೊಂಡು ಹೋದರು, ನಾನು ನೆರಳಿಗೆ ಅಂತ ನರ್ಸರಿಯೊಳಗೆ ಹೋದೆ. ಅಲ್ಲಿ ಮೇಜಿನ ಮೇಲೆ ಮೀನು ಸಾಕುವಂಥ ಒಂದು ದುಂಡನೆ ಗಾಜಿನ ಬೋಗುಣಿ. ಒಳಗೆ ಮರಳು, ನಾಲ್ಕು ಬಿಳಿ ಕಲ್ಲು, ದಪ್ಪ ದಪ್ಪ ಎಲೆಗಳನ್ನು ಹೂವಿನ ಎಸಳಿನ ಹಾಗೆ ಜೋಡಿಸಿಕೊಂಡ ಪುಟಾಣಿ ಗಿಡಗಳು. ಸಕ್ಯುಲೆಂಟು ಅಂದ ನರ್ಸರಿಯವನು. ಕುಡಿದ ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಂಡು ಹತ್ತು ದಿನ, ಹದಿನೈದು ದಿನ ತೆಪ್ಪಗಿರುತ್ತವಂತೆ. ಇವು ನಮ್ಮೂರಿನವೇ ಅನ್ನಿಸಿತು. ಗಂಡ ಪಂಕ್ಚರು ಹಾಕಿಸಿಕೊಂಡು ಬರುವಷ್ಟರಲ್ಲಿ ನಾನು ಆ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವರು ನಿಧಾನಕ್ಕೆ ಗಾಡಿ ಓಡಿಸಿದರು.

ಆ ಒಂದು ಬೋಗುಣಿ ಆರು ತಿಂಗಳಲ್ಲಿ ಏಳಾಯಿತು. ಶ್ರೀರಂಗಪಟ್ಟಣದಲ್ಲಿ ಮೀನಿನ ತೊಟ್ಟಿ ಮಾಡುವ ಭಾಯಿಯೊಬ್ಬರಿದ್ದಾರೆ. ಕೊಯ್ದು ಉಳಿದ ಗಾಜಿನ ತುಂಡುಗಳನ್ನು ಅಂಟಿಸಿ, ಮೇಲೆ ಮುಚ್ಚಳವಿಲ್ಲದ ಪೆಟ್ಟಿಗೆ ಮಾಡಿಕೊಡಿ ಅಂತ ಅವರನ್ನು ಕೇಳಿದೆ. ಯಾವ ಮೀನು ಬಿಡುತ್ತೀರಿ ಅಂದರು. ಮೀನೂ ಇಲ್ಲ, ನೀರೂ ಇಲ್ಲ, ಮಣ್ಣು ತುಂಬುತ್ತೇನೆ ಅಂದೆ. ಅವರು ಗಾಜು ಕೊಯ್ಯುವ ಕೈ ನಿಲ್ಲಿಸಿ ನನ್ನ ಗಂಡನ ಮುಖ ನೋಡಿದರು. ಅವಳು ಹೇಳಿದ ಹಾಗೆ ಮಾಡಿಬಿಡಿ ಅಂತ ಗಂಡ ನನ್ನ ಬೆನ್ನ ಹಿಂದೆ ಸನ್ನೆ ಮಾಡಿದ್ದು ಎದುರಿನ ಗಾಜಿನಲ್ಲಿ ನನಗೆ ಚೆನ್ನಾಗಿಯೇ ಕಾಣಿಸಿತು. ಮುಂದಿನ ಸಲ ಹೋದಾಗ ಭಾಯಿಯ ಗಲ್ಲಾದ ಪಕ್ಕದಲ್ಲೂ ಅಂಥದ್ದೇ ಒಂದು ಪೆಟ್ಟಿಗೆ, ಅದರಲ್ಲಿ ಒಂದು ಲೋಳೆಸರದ ಮರಿ. ಅಚ್ಚಾ ಕಾಣುತ್ತದೆ ಮೇಡಂ, ಮೀನಿನ ಥರ ದಿನಾ ಊಟ ಕೇಳಲ್ಲ ಅಂದರು. ನನಗೆ ಪ್ರಶಸ್ತಿ ಬಂದಷ್ಟು ಖುಷಿಯಾಯಿತು.

ಗಾಜಿನ ತೋಟ ಮಾಡುವುದು ಅಡುಗೆಯಷ್ಟೇ ಸಲೀಸು, ಅಡುಗೆಯಷ್ಟೇ ಹದದ್ದು. ತಳಕ್ಕೆ ಒಂದು ಬೆರಳು ಸಣ್ಣ ಜಲ್ಲಿ. ಅದರ ಮೇಲೆ ಇದ್ದಲಿನ ಚೂರು. ತವರಿನಲ್ಲಿ ತೆಂಗಿನ ಚಿಪ್ಪು ಸುಡುವುದರಿಂದ ನಾನು ಹೋದಾಗಲೆಲ್ಲ ಒಂದು ಚೀಲ ಇದ್ದಲು ತರುತ್ತೇನೆ, ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಮುರಿದರೂ ಸರಿ. ಅದರ ಮೇಲೆ ಮರಳು ಜಾಸ್ತಿ, ಮಣ್ಣು ಕಡಿಮೆ ಬೆರೆಸಿದ ಪುಡಿ. ಗಿಡ ನೆಟ್ಟ ಮೇಲೆ ಒಂದು ಹಳೇ ಬಣ್ಣದ ಬ್ರಷ್ಷಿನಿಂದ ಎಲೆಯ ಮೇಲಿನ ಮಣ್ಣು ಕೊಡವಬೇಕು. ಇಷ್ಟೇ. ಆದರೆ ಒಂದು ಮಾತು ಮರೆಯಬಾರದು. ಮಣ್ಣಿನ ಕುಂಡಕ್ಕೆ ತಳದಲ್ಲಿ ತೂತಿರುತ್ತದೆ, ಗಾಜಿಗೆ ಇರುವುದಿಲ್ಲ. ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿಯೇ ಇಲ್ಲ. ಜಾಸ್ತಿಯಾದರೆ ಬೇರು ಕೊಳೆತು, ಎಲೆ ಗಾಜಿನ ಹಾಗೆ ಪಾರದರ್ಶಕವಾಗಿ, ಮುಟ್ಟಿದರೆ ಬೆಣ್ಣೆಯ ಹಾಗೆ ಜಾರಿಬಿಡುತ್ತದೆ. ಹತ್ತು ದಿನಕ್ಕೊಮ್ಮೆ ಎರಡು ಚಮಚ, ಅಷ್ಟಕ್ಕೇ ಕೈ ಬಿಗಿಹಿಡಿಯಬೇಕು.

ಆಮೇಲೆ ಗಾಳಿಗಿಡ ಬಂತು. ಅದಕ್ಕೆ ಮಣ್ಣೇ ಬೇಡ. ಎಳೆ ಈರುಳ್ಳಿಯ ಸೊಪ್ಪನ್ನು ಬೇರಿಲ್ಲದೆ ಕಿತ್ತಿಟ್ಟ ಹಾಗೆ ಕಾಣುತ್ತದೆ. ಒಂದು ಗಾಜಿನ ಗೋಲದೊಳಗೆ ಒಣ ಕೊರಡಿನ ಮೇಲೆ ಕೂರಿಸಿ ಕಿಟಕಿಯ ಹತ್ತಿರ ತೂಗುಹಾಕಿದೆ. ಅದನ್ನು ನೋಡಿದ್ದೇ ನನ್ನ ಮಾವ ಎದ್ದು ಬಂದರು.

"ಬದನಿಕೆ ಕಣವ್ವ ಇದು. ಮರದ ರಕ್ತ ಕುಡಿಯೋ ಜಾತಿ. ಒಳೀಕ್ಕೆ ಯಾಕ್ ತಂದೆ?" ಅಂದರು.

ಇದು ಯಾರ ರಕ್ತವನ್ನೂ ಕುಡಿಯುವುದಿಲ್ಲ, ಬರೀ ಗಾಳಿಯ ತೇವದಲ್ಲೇ ಬದುಕುತ್ತದೆ, ವಾರಕ್ಕೊಮ್ಮೆ ನೀರಲ್ಲಿ ಅದ್ದಿದರೆ ಸಾಕು ಅಂದೆ. ಅವರು ನಂಬಲಿಲ್ಲ. ಬಾಗಿಲ ಮೇಲೆ ದೃಷ್ಟಿಗೆ ಅಂತ ತಲೆಕೆಳಗಾಗಿ ಕಟ್ಟಿದ್ದ ಲೋಳೆಸರವನ್ನು ತೋರಿಸಿದೆ. ವರ್ಷವಾದರೂ ಮಣ್ಣಿಲ್ಲದೆ ಅದು ಹಸಿರಾಗಿಯೇ ಇತ್ತು. ಮಾವ ಅದನ್ನು ನೋಡಿದರು, ಇದನ್ನು ನೋಡಿದರು, ಮತ್ತೆ ಅದನ್ನು ನೋಡಿದರು. ಅಂದಿನಿಂದ ದಿನಕ್ಕೆ ನಾಲ್ಕು ಸಲ ಕಿಟಕಿಯ ಹತ್ತಿರ ಹೋಗಿ ನಿಲ್ಲತೊಡಗಿದರು. ನನಗೆ ಅದೇ ದೊಡ್ಡ ಸಮಾಧಾನ.

ಯಾಕೆ ಸಮಾಧಾನ ಅಂದರೆ, ಅದಕ್ಕೆ ಹಿಂದಿನ ವರ್ಷದಿಂದ ಅವರು ಯಾವುದರ ಹತ್ತಿರವೂ ಹೋಗುತ್ತಿರಲಿಲ್ಲ. ಮಾವನಿಗೆ ಎಂಬತ್ತು ಹತ್ತಿರ. ಅತ್ತೆ ನಾನು ಮನೆಗೆ ಬರುವ ಮೊದಲೇ ಹೋಗಿದ್ದರು. ನಲವತ್ತು ವರ್ಷ ಮಾವ ನಾಲೆಯ ಮೇಲೆ ನೀರುಗಂಟಿಯಾಗಿದ್ದವರು. ಯಾರ ಗದ್ದೆಗೆ ಯಾವ ದಿನ, ಎಷ್ಟು ಹೊತ್ತು ನೀರು ಅನ್ನುವ ಸರದಿಯನ್ನು ಕಾಯುವುದು, ತೂಬು ತೆಗೆಯುವುದು, ಮುಚ್ಚುವುದು ನೀರುಗಂಟಿಯ ಕೆಲಸ. ನಿವೃತ್ತಿಯಾದ ಮೇಲೂ ಮೊಪೆಡ್ಡಿನಲ್ಲಿ ದಿನಾ ನಾಲೆ ಏರಿಯ ಮೇಲೆ ಒಂದು ಸುತ್ತು ಹೋಗಿ ಬರುತ್ತಿದ್ದರು. ಒಂದು ದಿನ ಏರಿಯ ಮೇಲೆ ಜಾರಿ ಬಿದ್ದರು. ಪೆಟ್ಟೇನೂ ಆಗಲಿಲ್ಲ. ಆದರೆ ನನ್ನ ಗಂಡ ಹೆದರಿ, ಇನ್ನು ಮೇಲೆ ಗಾಡಿ ಮುಟ್ಟಬೇಡಿ ಅಂದುಬಿಟ್ಟರು. ಮಾವ ಅಲ್ಲೇ ಬೀಗದ ಕೈ ಕೊಟ್ಟರು. ಗಾಡಿಯನ್ನಷ್ಟೇ ಬಿಡಲಿಲ್ಲ, ಏರಿಯನ್ನೂ ಬಿಟ್ಟರು, ಹೋಟೆಲಿನ ಕಾಫಿಯನ್ನೂ ಬಿಟ್ಟರು. ಗೋಡೆಗೆ ಒರಗಿ ಕೂತರೆ ಕೂತೇ ಇರುತ್ತಿದ್ದರು. ಬೇಡ ಅನ್ನುವ ಒಂದು ಮಾತು ಅವರನ್ನು ಹಾಗೆ ಕೂರಿಸಿಬಿಟ್ಟಿತ್ತು. ನನ್ನ ಗಂಡನಿಗೆ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವ ಅಂಗಡಿ. ಸುಟ್ಟುಹೋದ ಮೋಟಾರಿಗೆ ತಂತಿ ಸುತ್ತಿ ತಿರುಗಿಸಬಲ್ಲೆ, ಅಪ್ಪನನ್ನು ಹೇಗೆ ಎಬ್ಬಿಸುವುದೋ ಗೊತ್ತಾಗುತ್ತಿಲ್ಲ ಅಂತ ಒಂದು ಸಲ ಅವರೇ ಅಂದಿದ್ದರು.

ಏಳೂ ಬೋಗುಣಿಗಳನ್ನು ನಾನು ಮುಂದಿನ ಜಗುಲಿಯ ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದೆ. ಬಾಗಿಲ ಹತ್ತಿರ ಮೊದಲನೆಯದು, ಕಿಟಕಿಯ ಹತ್ತಿರ ಕೊನೆಯದು. ಹತ್ತಿರ ಹತ್ತಿರ ಒಂದು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಸಾವು ಶುರುವಾಯಿತು. ಕಿಟಕಿಯ ಹತ್ತಿರದ ಬೋಗುಣಿ ಮೊದಲು ಹೋಯಿತು. ಬಿಸಿಲು ಜಾಸ್ತಿಯಾಯಿತು ಅಂದುಕೊಂಡು ಪರದೆ ಕಟ್ಟಿದೆ. ಅದರ ಜಾಗಕ್ಕೆ ಬಾಗಿಲ ಹತ್ತಿರದ್ದನ್ನು ತಂದಿಟ್ಟೆ. ಹದಿನೈದು ದಿನಕ್ಕೆ ಅದೂ ಕೊಳೆಯಿತು. ಬಾಗಿಲ ಹತ್ತಿರ ಇದ್ದಾಗ ಗುಂಡುಕಲ್ಲಿನ ಹಾಗಿದ್ದ ಗಿಡ. ಹೀಗೆ ಒಂದಾದ ಮೇಲೊಂದು ನಾಲ್ಕು ಹೋದವು. ಮಣ್ಣು ಸೋಸಿದೆ, ಇದ್ದಲು ತೊಳೆದೆ, ಕಾಲೇಜಿಗೆ ಒಂದು ಎಲೆ ಒಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟು ಶಿಲೀಂಧ್ರ ಹುಡುಕಿದೆ. ಕೊನೆಗೆ ನರ್ಸರಿಗೆ ಹೋಗಿ ಜಗಳವಾಡಿದೆ. ಕೊಳೆತ ಗಿಡ ಕೊಟ್ಟು ಬೆಳಗಿನ ಹೊತ್ತು ಮೋಸ ಮಾಡುತ್ತೀಯಾ ಅಂತ ಆ ಮನುಷ್ಯನ ಮರ್ಯಾದೆ ತೆಗೆದೆ. ಅವನು ಪಾಪ, ನೀರು ಜಾಸ್ತಿ ಬೀಳುತ್ತಿದೆ ಅಕ್ಕ ಅಂತ ಮೂರು ಸಲ ಹೇಳಿದ. ನಾಗಮಂಗಲದವಳಿಗೆ ನೀರಿನ ಲೆಕ್ಕ ಹೇಳಿಕೊಡುತ್ತೀಯಾ ಅಂತ ಅದಕ್ಕೂ ಬೈದು ಬಂದೆ. ಆಮೇಲೆ ಅವನಿಗೆ ಕ್ಷಮೆ ಕೇಳಬೇಕಾಯಿತು, ಆ ಮಾತು ಬೇರೆ.

ಒಂದು ಬೆಳಿಗ್ಗೆ ಬಸ್ಸು ತಪ್ಪಿತು. ಇನ್ನೊಂದು ಬಸ್ಸಿಗೆ ಮುಕ್ಕಾಲು ಗಂಟೆ ಇದ್ದುದರಿಂದ ಮನೆಗೆ ವಾಪಸು ಬಂದೆ. ಗೇಟು ತೆಗೆಯುವಾಗಲೇ ಜಗುಲಿಯ ಸರಳಿನ ಮೂಲಕ ಕಂಡದ್ದು ಮಾವನ ಬೆನ್ನು. ಎಡಗೈಲಿ ತಾಮ್ರದ ಚೊಂಬು, ಬಲಗೈಲಿ ಹಸುಗೂಸಿಗೆ ಹಾಲು ಕುಡಿಸುವ ಒಳಲೆ. ಕಿಟಕಿಯ ತುದಿಯಿಂದ ಶುರುಮಾಡಿ ಒಂದೊಂದು ಬೋಗುಣಿಗೆ ಒಂದೊಂದು ಒಳಲೆ ನೀರು. ಅಳತೆ ಅಂದರೆ ಅಳತೆ, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಗಿಲ ತನಕ ಬಂದು, ಚೊಂಬಿನಲ್ಲಿ ಉಳಿದದ್ದನ್ನು ನೋಡಿ, ಮತ್ತೆ ಕಿಟಕಿಯ ತನಕ ನಡೆದುಹೋಗಿ ಉಳಿದದ್ದನ್ನೆಲ್ಲ ತುದಿಯ ಬೋಗುಣಿಗೆ ಸುರಿದರು. ಸುರಿದು, ಗಾಜಿನ ಮೇಲೆ ಕೈಯಿಟ್ಟು, ಮಗುವಿನ ತಲೆ ಸವರಿದ ಹಾಗೆ ಸವರಿದರು.

ತುದಿಯಿಂದ ಶುರು. ಉಳಿದದ್ದೂ ತುದಿಗೆ. ನಾಲೆ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಾಲೆಯ ಮೇಲ್ಗಡೆ ಇರುವವರು ತಮಗೆ ಬೇಕಾದಷ್ಟು ಎಳೆದುಕೊಳ್ಳುವುದರಿಂದ ಕೊನೆಯ ಬಯಲಿನ ಗದ್ದೆಗಳು ಯಾವಾಗಲೂ ಬಾಯಿ ಬಿಡುತ್ತಿರುತ್ತವೆ. ನ್ಯಾಯವಂತ ನೀರುಗಂಟಿಯಾದವನು ಕೊನೆಯವರನ್ನು ಮೊದಲು ನೆನೆಯುತ್ತಾನೆ. ನನ್ನ ಮಾವ ಬೆಂಚಿನ ಮೇಲಿದ್ದ ಗಾಜಿನ ಬೋಗುಣಿಗಳಿಗೂ ಅದೇ ನ್ಯಾಯ ಮಾಡುತ್ತಿದ್ದರು, ದಿನಾ. ಆ ನ್ಯಾಯಕ್ಕೇ ನನ್ನ ತುದಿಯ ಗಿಡಗಳು ಒಂದೊಂದಾಗಿ ಸತ್ತಿದ್ದವು.

ಬಾಯಿಯ ತುಂಬ ಮಾತು ತುಂಬಿಕೊಂಡು ಗೇಟಿನಲ್ಲೇ ನಿಂತಿದ್ದೆ. ಸಿಟ್ಟು ಬಂತು ಅನ್ನುವುದು ಸುಳ್ಳಲ್ಲ. ಒಂದು ವರ್ಷದ ದುಡಿಮೆ, ಸೂಕ್ಷ್ಮದರ್ಶಕ, ನರ್ಸರಿಯ ಜಗಳ ಎಲ್ಲ ಕಣ್ಣ ಮುಂದೆ ಬಂತು. ಆದರೆ ಮಾವ ಚೊಂಬು ಹಿಡಿದು ನೆಟ್ಟಗೆ ನಿಂತಿದ್ದ ರೀತಿಯನ್ನೂ ನೋಡಿದೆ. ಬೆನ್ನು ಬಾಗಿರಲಿಲ್ಲ. ಗೋಡೆಗೆ ಒರಗಿರಲಿಲ್ಲ. ಸದ್ದು ಮಾಡದೆ ಹಿಂದಕ್ಕೆ ಸರಿದು ಬಸ್‌ಸ್ಟ್ಯಾಂಡಿಗೆ ಹೋಗಿ ಕೂತೆ. ಸಂಜೆ ಗಂಡನಿಗೆ ಹೇಳಿದೆ.

"ಅಪ್ಪಂಗೆ ಬ್ಯಾಡ ಅಂದ್ಯೋ, ಮೊಪೆಡ್ಡಿನ ಕತೆನೇ ಆಯ್ತದೆ ನೋಡು," ಅಂದರು.

ಹಾಗಾಗಿ ನಾನು ಜಾಣತನ ಮಾಡಲು ಹೋದೆ. ಬೇಡ ಅಂತ ಹೇಳಲಿಲ್ಲ. ಬದಲಿಗೆ, ಬದುಕುಳಿದಿದ್ದ ಮೂರು ಬೋಗುಣಿಗಳನ್ನು ಒಳಮನೆಯ ಬೀರುವಿನ ಮೇಲೆ ಎತ್ತಿಟ್ಟೆ. ಜಗುಲಿಗೆ ಸುಣ್ಣ ಹೊಡೆಸಬೇಕು ಅಂತ ಒಂದು ನೆಪ ಹೇಳಿದೆ. ಮಾವ ಹೂಂ ಅಂದರು. ಚೊಂಬನ್ನು ತೊಳೆದು ಬೋರಲು ಹಾಕಿದರು. ಮಾರನೆಯ ದಿನ ಜಗುಲಿಗೆ ಬರಲಿಲ್ಲ. ಕಿಟಕಿಯ ಹತ್ತಿರ ಗಾಳಿಗಿಡ ತೂಗುತ್ತಿತ್ತು, ಅದನ್ನು ನೋಡಲೂ ಬರಲಿಲ್ಲ. ಮೂರನೆಯ ದಿನ ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು. ಗೋಡೆಯ ಮೇಲೆ ಅವರು ಒರಗಿ ಒರಗಿ ಆದ ಎಣ್ಣೆಯ ಗುರುತಿಗೆ ಸರಿಯಾಗಿ ಮತ್ತೆ ಒರಗಿ ಕೂತಿದ್ದರು. ಬಾಯಿಬಿಟ್ಟು ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲವೇನೋ. ಸುಣ್ಣದ ನೆಪದ ಸುಳ್ಳು ಅವರಿಗೆ ಆ ಕ್ಷಣವೇ ಗೊತ್ತಾಗಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಅವತ್ತು ಕಾಲೇಜಿಗೆ ರಜೆ ಹಾಕಿದೆ. ಬೋಗುಣಿಗಳನ್ನು ಕೆಳಗಿಳಿಸಿದೆ. ಸತ್ತ ಗಿಡಗಳಲ್ಲಿ ಕೊಳೆಯದೆ ಉಳಿದಿದ್ದ ಎಲೆಗಳನ್ನು ಆರಿಸಿ ಒಂದು ತಟ್ಟೆಯಲ್ಲಿ ಹಾಕಿಕೊಂಡೆ. ಎಲ್ಲವನ್ನೂ ತಂದು ಮಾವನ ಮುಂದೆ ಇಟ್ಟು, ನೆಲದ ಮೇಲೆ ಕೂತೆ. ಸುಣ್ಣದ ಮಾತು ಸುಳ್ಳು ಅಂತ ಒಪ್ಪಿಕೊಂಡೆ. ಗಿಡಗಳು ಸತ್ತದ್ದು ನೀರು ಜಾಸ್ತಿಯಾಗಿ, ಗಾಜಿಗೆ ತೂತಿಲ್ಲ, ನೀರಿಗೆ ದಾರಿಯಿಲ್ಲ ಅಂತ ತೋರಿಸಿದೆ. ಮೊದಲೇ ಕೇಳದೆ ಕದ್ದು ಎತ್ತಿಟ್ಟದ್ದು ನನ್ನ ತಪ್ಪು ಅಂದೆ. ಜೀವಮಾನದಲ್ಲಿ ನಾನು ಯಾರ ಹತ್ತಿರವೂ ಅಷ್ಟು ಮೆತ್ತಗೆ ಮಾತಾಡಿದ್ದಿಲ್ಲ.

ಮಾವ ಒಂದು ಬೋಗುಣಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಜಲ್ಲಿಯ ನಡುವೆ ನಿಂತಿದ್ದ ನೀರು ಗಾಜಿನ ಮೂಲಕ ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟು ದಿನ ಮೇಲಿನಿಂದಲೇ ನೋಡಿದ್ದರು, ಪಕ್ಕದಿಂದ ನೋಡಿರಲಿಲ್ಲ.

"ಬಸಿಗಾಲುವೆ ಇಲ್ದ ಗದ್ದೆ ಇದು," ಅಂದರು. ಬೋಗುಣಿಯನ್ನು ಕೆಳಗಿಟ್ಟು, "ನೀರು ಬುಡಾಕೆ ಯಾರಾದ್ರೆ ಏನವ್ವ. ಮುಚ್ಚಾಕೆ ಒಬ್ಬ ಬೇಕು ಅಂತ್ಲೇ ನನ್ನ ಇಟ್ಟಿದ್ದಿದ್ದು," ಅಂದರು.

ಹಾಗಾದರೆ ಇಲ್ಲಿ ಯಾಕೆ ಮುಚ್ಚಲಿಲ್ಲ ಅಂತ ಕೇಳಿದೆ. ಕೇಳಬಾರದಿತ್ತೇನೋ. ಅವರು ತಟ್ಟೆಯಲ್ಲಿದ್ದ ಎಲೆಗಳನ್ನು ಬೆರಳಿನಿಂದ ಒಂದೊಂದಾಗಿ ತಿರುಗಿಸುತ್ತ ಇದ್ದರು.

"ನಲವತ್ತು ವರ್ಸ ಸಾಕು ಸಾಕು ಅಂತ ಮುಚ್ಚ್‌ದೋನು ನಾನು. ಕೈ ಮುಗ್ದು ಕೇಳ್ದೋರ್ಗೂ ಇಲ್ಲ ಅಂದಿವ್ನಿ. ಇಲ್ಲಿ ಕೇಳೋರಿಲ್ಲ, ತಡಿಯೋರಿಲ್ಲ. ಈಗ್ಲಾದ್ರೂ ಕೊಡಾನ ಅಂತ ಕೊಟ್ಟೆ ಕಣವ್ವ."

ಅಲ್ಲಿಯವರೆಗೆ ನಾನು ಅವರನ್ನು ನೀರು ಸುರಿಯುವ ಸೀಮೆಯವರು, ನೀರಿನ ಬೆಲೆ ಗೊತ್ತಿಲ್ಲದವರು ಅಂತಲೇ ಅಂದುಕೊಂಡಿದ್ದೆ. ಪಾಂಡವಪುರಕ್ಕೆಲ್ಲ ನೀರನ್ನು ನನಗಿಂತ ಬಿಗಿಯಾಗಿ ಹಿಡಿದಿದ್ದ ಮನುಷ್ಯ ನಮ್ಮ ಮನೆಯ ಗೋಡೆಗೇ ಒರಗಿ ಕೂತಿದ್ದರು. ಕಣ್ಣು ಒರೆಸಿಕೊಂಡು, ಈ ತೋಟಕ್ಕೂ ಒಬ್ಬ ನೀರುಗಂಟಿ ಬೇಕು, ಸಂಬಳ ಕೊಡಲಾರೆ, ದಿನಾ ಎರಡು ಲೋಟ ಕಾಫಿ ಕೊಡುತ್ತೇನೆ ಅಂದೆ. ಮೂರು ಅಂದರು ಮಾವ.

ಅಲ್ಲಿಂದ ಮುಂದಿನದ್ದು ನನ್ನ ಬದುಕಿನ ಒಳ್ಳೆಯ ದಿನಗಳು. ಮೊದಲ ಕೆಲಸವಾಗಿ ಮಾವ ಮೂರೂ ಬೋಗುಣಿಗಳನ್ನು ಓರೆ ಮಾಡಿ, ಹಳೇ ಪಂಚೆಯ ಬತ್ತಿ ಹೊಸೆದು ಒಳಗೆ ಇಳಿಬಿಟ್ಟು, ನಿಂತ ನೀರನ್ನೆಲ್ಲ ಹೊರಗೆ ಎಳೆದರು. ಯಾವ ಪುಸ್ತಕದಲ್ಲೂ ನಾನು ಇದನ್ನು ಓದಿರಲಿಲ್ಲ. ಆರಿಸಿದ ಎಲೆಗಳನ್ನು ಒಣ ಮರಳಿನ ಮೇಲೆ ಸುಮ್ಮನೆ ಮಲಗಿಸಿದೆವು. ಸಕ್ಯುಲೆಂಟಿನ ಗುಣವೇ ಅದು, ಬಿದ್ದ ಎಲೆಯೂ ಬೇರು ಬಿಡುತ್ತದೆ. ಮೂರು ವಾರಕ್ಕೆ ಎಲೆಗಳ ಬುಡದಲ್ಲಿ ಕೆಂಪು ದಾರದಂಥ ಬೇರು, ಅದರ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಮರಿ. ಮಾವ ಭೂತಗನ್ನಡಿ ಕೇಳಿದರು. ಕಾಲೇಜಿನ ಹಳೆಯದೊಂದನ್ನು ಮೇಷ್ಟ್ರನ್ನು ಕೇಳಿ ತಂದುಕೊಟ್ಟೆ. ಬತ್ತದ ಪೈರಿನ ಒಟ್ಟಲನ್ನು, ಸಸಿ ಎಬ್ಬಿಸುವ ಮಡಿಯನ್ನು ನೋಡುವ ಹಾಗೆ ದಿನಾ ಆ ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಇವತ್ತು ಎಷ್ಟು ಹುಟ್ಟಿದವು ಅಂತ ನನಗೆ ವರದಿ ಒಪ್ಪಿಸುತ್ತಿದ್ದರು.

ಆ ಹೊತ್ತಿಗೆ ಒಂದೆರಡು ಹೆಚ್ಚಾಗಿದ್ದ ಗಾಳಿಗಿಡಗಳಿಗೆ ಭಾನುವಾರ ಸರದಿ. ಬೋರ್‌ವೆಲ್ ನೀರು ಅವಕ್ಕೆ ಆಗದು, ಎಲೆಯ ಮೇಲೆ ಸುಣ್ಣದ ಪೊರೆ ಕಟ್ಟುತ್ತದೆ ಅಂದದ್ದೇ ತಡ, ಮಾವ ಒಂದು ಸಣ್ಣ ಕ್ಯಾನು ಹಿಡಿದು ನಾಲೆಯ ಕಡೆ ನಡೆದೇಬಿಟ್ಟರು. ಎರಡು ವರ್ಷದ ಮೇಲೆ ಮೊದಲ ಸಲ. ನನ್ನ ಗಂಡ ಅಂಗಡಿಯ ಬಾಗಿಲಲ್ಲಿ ಮೋಟಾರು ಬಿಚ್ಚುತ್ತ ಕೂತಿದ್ದವರು ಅಪ್ಪ ಕ್ಯಾನು ಹಿಡಿದು ಹೋಗುವುದನ್ನು ನೋಡಿ ನನಗೆ ಫೋನು ಮಾಡಿದರು. ನೋಡಿದ್ಯಾ ಅಂದು ಇಟ್ಟುಬಿಟ್ಟರು. ಮಾವ ತಂದ ನೀರಿನಲ್ಲಿ ಗಾಳಿಗಿಡಗಳನ್ನು ಅರ್ಧ ಗಂಟೆ ಮುಳುಗಿಸಿ, ಎತ್ತಿ, ಚೆನ್ನಾಗಿ ಕೊಡವಿ, ಮೊರದ ಮೇಲೆ ತಲೆಕೆಳಗಾಗಿ ಆರಹಾಕುತ್ತಿದ್ದೆವು. ನಡುವೆ ನೀರು ನಿಂತರೆ ಅವೂ ಕೊಳೆಯುತ್ತವೆ. ದೃಷ್ಟಿಯ ಲೋಳೆಸರಕ್ಕೂ ಆ ಹೊತ್ತಿನಲ್ಲಿ ಒಂದು ಮುಳುಗು ಸಿಗುತ್ತಿತ್ತು, ಅದು ಮಾವನ ಸ್ವಂತ ನಿರ್ಧಾರ.

ಸಕ್ಯುಲೆಂಟಿನ ಸರದಿ ಹತ್ತು ದಿನಕ್ಕೆ ಬರುತ್ತಿತ್ತು. ನೀರು ಹಾಕುವವಳು ನಾನು, ಸಾಕು ಅನ್ನುವವರು ಅವರು. ಬೋಗುಣಿಯನ್ನು ಕೈಲಿ ತೂಗಿ ನೋಡುತ್ತಿದ್ದರು, ಊದಿನಕಡ್ಡಿಯ ಬಿದಿರನ್ನು ಮರಳಿಗೆ ಚುಚ್ಚಿ ತೇವ ನೋಡುತ್ತಿದ್ದರು. ಎಷ್ಟೋ ಸಲ ನನ್ನ ಚಮಚ ಬಗ್ಗುವ ಮೊದಲೇ ಸಾಕು ಅಂದುಬಿಡುತ್ತಿದ್ದರು. ನನಗೆ ರೇಗುತ್ತಿತ್ತು. ನೀರು ಕಾಣದ ಊರಿನವಳು ನಾನೋ ನೀವೋ ಅಂತ ಕೇಳುತ್ತಿದ್ದೆ. ಬೀದಿಯ ಹೆಂಗಸರೂ ತಮ್ಮ ಮನೆಯ ಸೊರಗಿದ ಗಿಡಗಳನ್ನು ತಂದು ತೋರಿಸತೊಡಗಿದರು. ತರಲಾಗದವರ ಮನೆಗೆ ಮಾವನೇ ಹೋಗುತ್ತಿದ್ದರು, ಕುಂಡ ಎತ್ತಿ ತೂಕ ನೋಡಿ, ಹದಿನೈದು ದಿನ ಇದರ ಕಡೆ ತಿರುಗಿ ನೋಡಬೇಡಿ ಅಂದು ಕಾಫಿ ಕುಡಿದು ಬರುತ್ತಿದ್ದರು. ಕಾಫಿಯ ಲೆಕ್ಕ ಮೂರನ್ನು ಎಂದೋ ದಾಟಿತ್ತು.

ಈ ವರ್ಷ ಬೇಸಿಗೆಯಲ್ಲಿ ನನಗೆ ಬೆಂಗಳೂರಿನಲ್ಲಿ ಹನ್ನೆರಡು ದಿನದ ತರಬೇತಿ ಬಂತು. ಆ ಹೊತ್ತಿಗೆ ಬೆಂಚಿನ ಮೇಲೆ ಮತ್ತೆ ಏಳು ಬೋಗುಣಿಗಳಾಗಿದ್ದವು, ನಾಲ್ಕು ನಾವೇ ಎಲೆಯಿಂದ ಎಬ್ಬಿಸಿದ ಮರಿಗಳವು. ಉಗುರಿನಷ್ಟಿದ್ದವು ಇನ್ನೂ. ಹೊರಗೆ ಬಿಸಿಲು ಸುಡುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಹೆದರಿಕೆಯಾಯಿತು. ಗಿಡ ಬಾಡಿದ್ದನ್ನು ನೋಡಿ, ನಾನೂ ಎದುರಿಗಿಲ್ಲದೆ, ಅವರ ಕೈ ತಡೆಯುತ್ತದೆಯೇ. ಈ ಸಲ ಏಳೂ ಕೊಳೆತುಹೋದರೆ ನನಗೆ ಗಿಡ ಹೋದಾವು, ಅವರು ಮತ್ತೆ ಗೋಡೆ ಸೇರುತ್ತಾರೆ. ಸಕ್ಯುಲೆಂಟಿನ ಸರದಿ ಮುಂದಿನ ವಾರ ಬುಧವಾರ ಬೀಳುತ್ತದೆ, ನೀವೇ ಹಾಕಿಬಿಡಿ ಅಂತ ಹೊರಡುವಾಗ ಹೇಳಿದೆ. ಎಷ್ಟು ಅಂತ ಹೇಳಲು ಬಾಯಿ ತೆಗೆದವಳು ಹಾಗೇ ಮುಚ್ಚಿಕೊಂಡೆ. ನನ್ನ ಮಟ್ಟಿಗೆ ಅದು ಸಣ್ಣ ಸಾಹಸವಲ್ಲ. ಫೋನು ಮಾಡಿದಾಗಲೂ ಗಿಡದ ಮಾತು ಎತ್ತಲಿಲ್ಲ.

ಶುಕ್ರವಾರ ಮಧ್ಯಾಹ್ನ ಬಸ್ಸಿಳಿದು ಮನೆಗೆ ಬಂದೆ. ಬ್ಯಾಗನ್ನು ಗೇಟಿನಲ್ಲೇ ಬಿಟ್ಟು ಬೆಂಚಿನ ಮುಂದೆ ನಿಂತೆ. ಏಳೂ ಇದ್ದವು. ಒಂದೂ ಕೊಳೆತಿರಲಿಲ್ಲ. ಮರಳು ಹುರಿದ ರವೆಯ ಹಾಗೆ ಒಣಗಿತ್ತು. ದೊಡ್ಡ ಗಿಡಗಳ ಎಲೆಗಳು ಕೊಂಚ ಸುಕ್ಕಾಗಿದ್ದವು, ಪುಟ್ಟ ಮರಿಗಳು ಒಳಕ್ಕೆ ಮುದುರಿಕೊಂಡಿದ್ದವು. ಬುಧವಾರದ ಸರದಿ ಕೊಟ್ಟೇ ಇರಲಿಲ್ಲ ಅಂತ ನೋಡಿದೊಡನೆ ಗೊತ್ತಾಯಿತು. ಮಾವ ನನ್ನ ಪಕ್ಕ ಬಂದು ನಿಂತರು. ಎರಡು ದಿನದಿಂದ ಕುರ್ಚಿಯನ್ನು ಬೆಂಚಿನ ಪಕ್ಕದಲ್ಲೇ ಹಾಕಿಕೊಂಡು ಕೂತಿದ್ದರಂತೆ, ಊಟವನ್ನೂ ಅಲ್ಲಿಗೇ ತರಿಸಿಕೊಂಡಿದ್ದರಂತೆ. ಗಂಡ ಆಮೇಲೆ ಹೇಳಿದರು.

ಯಾಕೆ ಹಾಕಲಿಲ್ಲ ಅಂತ ಕೇಳಿದೆ.

"ನೀರು ಕೇಳ್ತಿದ್ದೊ ಕಣವ್ವ. ತಡಕೊಳ್ಳಾಕಾಯ್ತಿರ್ನಿಲ್ಲ. ಆದ್ರೂ ಇನ್ನೆರಡು ದಿನ ಇರ್ತವೆ ಅಂತ ಗೊತ್ತಿತ್ತು," ಅಂದರು. "ಕೊಡಾ ಸುಖ ನಿಂಗಿರ್ಲಿ ಅಂತ ಬುಟ್ಟೆ."

ನಾನು ಕೈ ತೊಳೆಯಲೂ ಹೋಗಲಿಲ್ಲ. ತುದಿಯಿಂದ ಶುರುಮಾಡಿ ಒಂದೊಂದಕ್ಕೂ ನೀರು ಹಾಕುತ್ತ ಬಂದೆ. ಕಣ್ಣು ತುಂಬಿಕೊಂಡಿದ್ದರಿಂದ ಚಮಚದ ಅಳತೆ ಸರಿಯಾಗಿ ಕಾಣುತ್ತಿರಲಿಲ್ಲ, ಮಾವ ಸಾಕು ಅನ್ನುವವರೆಗೆ ಹಾಕುತ್ತಿದ್ದೆ. ಅವತ್ತು ಅವರು ಸಾಕು ಅನ್ನಲು ಪ್ರತಿ ಬೋಗುಣಿಗೂ ಸ್ವಲ್ಪ ಸ್ವಲ್ಪ ತಡಮಾಡಿದರು.